ಬೀರುವಿನ ಪಕ್ಕದ ಕಾವು

ಕುಮುದಾ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು ಫ್ಯಾನಿನ ವಿಷಯವನ್ನೇ. ಅವತ್ತೂ ಹಾಗೆಯೇ ಕೇಳಿದಳು.

“ಅತ್ತಿಗೆ, ಫ್ಯಾನ್ ಹಾಕ್ಸಿದ್ರಾ?”

“ಇನ್ನೂ ಇಲ್ಲ.”

“ಹಾಗಾದ್ರೆ ಹೆರಿಗೆಗೆ ನಾನು ಬರೋದು ಯಾವ ರೂಮಿಗೆ? ಅವ್ವನ ರೂಮಲ್ಲಿ ಇನ್ನೊಂದು ಮಂಚ ಹಾಕಿದ್ರೆ ಬಾಗಿಲು ತೆಗೆಯಕ್ಕಾಗಲ್ಲ. ಹಾಲಲ್ಲಿ ಮಲಗ್ಲಾ? ಬಂದೋರಿಗೆಲ್ಲ ದರ್ಶನ ಕೊಟ್ಕೊಂಡು?”

“ನೋಡ್ತೀನಿ,” ಎಂದೆ.

“ನೀವು ನೋಡ್ತಾ ಇರಿ, ಮಗು ಶಾಲೆಗೆ ಹೋಗೋ ಹೊತ್ತಾಗುತ್ತೆ,” ಎಂದು ನಕ್ಕು ಫೋನ್ ಇಟ್ಟಳು. ನಗು ಪೂರ್ತಿ ನಗುವಾಗಿರಲಿಲ್ಲ.

ಕುಮುದಾ ನನ್ನ ಗಂಡನ ತಂಗಿ. ಅವಳಿಗೆ ಇದು ಮೊದಲ ಹೆರಿಗೆ. ತವರು ಎಂದರೆ ಈಗ ಈ ಮನೆ. ಇಲ್ಲಿರುವುದು ನಾನು ಮತ್ತು ಅವಳ ತಾಯಿ. ಬಾಣಂತಿಗೆ ತಕ್ಕದ್ದೆಂದರೆ ಎ.ಸಿ. ಇರುವ ನನ್ನ ಮಲಗುವ ಕೋಣೆ ಒಂದೇ. ಆ ಕೋಣೆಯಲ್ಲಿ, ಬೀರುವಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ, ನನ್ನ ಗಂಡ ಚಂದ್ರಮೌಳಿಯ ಕಾವು ಇದೆ. ಮೇಲೆ ಫ್ಯಾನ್ ತಿರುಗಿದರೆ ಅದು ಇರುವುದಿಲ್ಲ.

ನಮ್ಮ ಊರಿನ ಸುತ್ತ ಬಂಡೆಯ ಗುಡ್ಡಗಳು. ಗಾಳಿ ಗುಡ್ಡದ ತಲೆಯ ಮೇಲೆಯೇ ಹಾದು ಹೋಗುತ್ತದೆ, ಕೆಳಗಿಳಿಯುವುದಿಲ್ಲ. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಮಾರುತಗಳ ಅಧ್ಯಾಯ ಬಂದಾಗ ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಗೋಡೆಗೆ ತೂಗುಹಾಕುವ ಯಾವ ನಕಾಶೆಯಲ್ಲೂ ನಮ್ಮ ಊರಿಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬರು ಎದ್ದು ನಿಂತು ಅದನ್ನು ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಆಮೇಲೆ ಮರೆಯುತ್ತಾರೆ.

ಇಲ್ಲಿ ಮನುಷ್ಯ ತೀರಿಹೋದ ಮೇಲೂ ಅವನ ಕಾವು ಮನೆಯಲ್ಲಿ ಉಳಿಯುತ್ತದೆ. ಕೂತ ಕುರ್ಚಿಯಲ್ಲಿ, ಮಲಗಿದ ಮಗ್ಗುಲಲ್ಲಿ, ಕನ್ನಡಿಯ ಮುಂದೆ ತಲೆ ಬಾಚಿಕೊಂಡು ನಿಲ್ಲುತ್ತಿದ್ದ ಕಡೆ. ಒಂಬತ್ತನೆಯ ದಿನ ಬಾಗಿಲು ಕಿಟಕಿ ಎಲ್ಲ ತೆಗೆದು, ಮನೆಯವರು ಬೀದಿಗೆ ಬಂದು ನಿಂತು, ಒಬ್ಬರು ಒಳಗೆ ಹೋಗಿ ಪ್ರತಿ ಕೋಣೆಯ ಫ್ಯಾನನ್ನೂ ಐದಕ್ಕೆ ತಿರುಗಿಸಿ ಓಡಿ ಬರುತ್ತಾರೆ. ಇದಕ್ಕೆ ಗಾಳಿ ಬಿಡುವುದು ಎನ್ನುತ್ತೇವೆ. ಬಾಡಿಗೆಗೆ ಮನೆ ನೋಡಲು ಬಂದವರು ನೀರು ಹೇಗೆ ಎಂದು ಕೇಳಿದ ಮೇಲೆ, ಗಾಳಿ ಬಿಟ್ಟಿದ್ದೀರಾ ಎಂದು ಕೇಳುತ್ತಾರೆ.

ಎಲ್ಲರೂ ಬಿಡುವುದಿಲ್ಲ. ಪೇಟೆ ಬೀದಿಯ ಜವಳಿ ಅಂಗಡಿಯಲ್ಲಿ ಹಿರಿಯ ಸಾಹುಕಾರರ ಗಾದಿಯನ್ನು ಹಾಗೆಯೇ ಇಟ್ಟಿದ್ದಾರೆ. ಯಾರೂ ಕೂರದಂತೆ ಸುತ್ತ ಹಗ್ಗ ಕಟ್ಟಿದ್ದಾರೆ. ಕೂತವರ ಮೈಗೆ ಕಾವು ಸೇರುತ್ತದೆ, ಗಾದಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಮ್ಮ ಎದುರು ಮನೆಯ ಗೌರಕ್ಕ ಚಳಿಗಾಲದಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯನ್ನು ತೀರಿಹೋದ ಮಾವನ ಆರಾಮ ಕುರ್ಚಿಯ ಮೇಲೆ ಇಡುತ್ತಾಳೆ. “ಬದುಕಿದ್ದಾಗ ಕುಡಿದ ಲೋಟ ಎತ್ತಿಡಲಿಲ್ಲ ಪುಣ್ಯಾತ್ಮ. ಈಗ ದಿನಾ ಹಿಟ್ಟು ಉಬ್ಬಿಸ್ತಾನೆ. ಇನ್ನೆರಡು ಚಳಿಗಾಲಕ್ಕಾಗುತ್ತೆ ನೋಡು,” ಎನ್ನುತ್ತಾಳೆ.

ನಮ್ಮ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಮೌಳಿ ಎಂಜಿನಿಯರು. ಮನೆಯನ್ನು ತಾನೇ ನಿಂತು ಕಟ್ಟಿಸಿದ. ಎ.ಸಿ. ಇದ್ದ ಮೇಲೆ ಫ್ಯಾನು ಯಾಕೆ, ಕಾರಿಗೆ ಎತ್ತು ಕಟ್ತಾರಾ ಎನ್ನುತ್ತಿದ್ದ. ತಾರಸಿ ಹಾಕುವ ದಿನ ಅತ್ತೆ ಕೆಳಗೆ ನಿಂತು ಕೂಗಿದ್ದರು. “ಫ್ಯಾನಿಗೆ ಅಂತ ಒಂದು ಕೊಂಡಿ ಆದ್ರೂ ಬಿಡಿಸಪ್ಪ ಮೌಳಿ, ನಾಳೆ ಬೇಕಾಗುತ್ತೆ.”

“ಯಾಕವ್ವ, ನಿನ್ನ ಕಳಿಸೋಕಾ?”

“ಹೂಂ ಕಣೋ, ನನ್ನ ಕಳಿಸೋಕೇ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಕೊಂಡಿ ಬಿಡಿಸಲಿಲ್ಲ. ತಾರಸಿಯ ಕೆಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಬಂತು. ಅದು ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ.

ಅವನು ಮೂವತ್ತೇಳಕ್ಕೆ ಹೋದ. ಸಂಜೆ ಷಟಲ್ ಆಡುತ್ತಿದ್ದವನು ಬ್ಯಾಟು ಪಕ್ಕಕ್ಕಿಟ್ಟು ಕೂತನಂತೆ. ಅಷ್ಟೇ.

ಒಂಬತ್ತನೆಯ ದಿನ ಅತ್ತೆಯ ತಮ್ಮ, ಸೋದರಮಾವ, ತಮ್ಮ ಮನೆಯ ಪೆಡೆಸ್ಟಲ್ ಫ್ಯಾನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಯಾವ ಗಾಳಿಯಾದರೇನು ಎಂಬುದು ಅವರ ವಾದ. ಆದರೆ ಮೇಲಿನಿಂದ ಬೀಸುವ ಗಾಳಿ ಕಲಸುತ್ತದೆ, ಪಕ್ಕದಿಂದ ಬೀಸುವ ಗಾಳಿ ತಳ್ಳುತ್ತದೆ. ಅವರು ಹಾಲಿನಿಂದ ಶುರು ಮಾಡಿದರು. ಸೋಫಾದಲ್ಲಿದ್ದ ಕಾವು ಊಟದ ಮೇಜಿಗೆ ಹೋಯಿತು. ಮೇಜಿನದೂ ಸೇರಿಕೊಂಡು ಬಚ್ಚಲ ಬಾಗಿಲಿಗೆ ಹೋಯಿತು. ಅಲ್ಲಿಂದ ಮಲಗುವ ಕೋಣೆಗೆ. ಕೊನೆಗೆ ಎಲ್ಲವೂ ಒಟ್ಟಾಗಿ ಬೀರುವಿಗೂ ಕಿಟಕಿಗೂ ನಡುವೆ ಸಿಕ್ಕಿಕೊಂಡು ಕೂತಿತು. ಕಿಟಕಿಯಿಂದ ಹೊರಗೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮಾವ ಬೆವರು ಸುರಿಸುತ್ತ ಫ್ಯಾನಿನ ಕತ್ತು ಹಿಡಿದುಕೊಂಡು ನಿಂತಿದ್ದರು. “ಸಣ್ಣವನಿದ್ದಾಗಿಂದ ಹಿಂಗೇ. ಮೂಲೆ ಸೇರಿದ್ರೆ ಎಳೆದ್ರೂ ಬರ್ತಿರಲಿಲ್ಲ,” ಎಂದರು. ಬೀದಿಯಲ್ಲಿದ್ದವರಿಗೂ ಕೇಳಿಸಿತು. ಎಲ್ಲರೂ ನಕ್ಕೆವು. ಆಮೇಲೆ ನೆನಪಾಯಿತು.

ತಿಂಗಳು ಬಿಟ್ಟು ಮೇಲಿನ ಫ್ಯಾನ್ ಹಾಕಿಸಿ ಬಿಡಿ ಎಂದು ಹೇಳಿ ನೆಂಟರು ಹೋದರು. ನಾನು ಹಾಕಿಸಲಿಲ್ಲ. ವರ್ಷವಾಗುತ್ತ ಬಂತು.

ಈ ವರ್ಷ ನಾನು ಎಲ್ಲೂ ಕೂತದ್ದು ನೆನಪಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಕೋಣೆಗೆ. ಅನ್ನದ ತಟ್ಟೆಯನ್ನೂ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತೇನೆ. ಪರೀಕ್ಷೆಯ ಪತ್ರಿಕೆಗಳನ್ನು ಫ್ರಿಜ್ಜಿನ ಮೇಲಿಟ್ಟು ನಿಂತುಕೊಂಡೇ ತಿದ್ದುತ್ತೇನೆ. “ಕಾಲಿಗೆ ಚಕ್ರ ಕಟ್ಟಿಸ್ಕಂಡಿದೀಯಾ?” ಎಂದು ಅತ್ತೆ ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ದಾರಿ ಬಿಡುತ್ತಾರೆ.

ಕಾಲೇಜಿಗೆ ಹೊರಡುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಬೀರುವಿನ ಪಕ್ಕಕ್ಕೆ ಕೈ ಚಾಚುತ್ತೇನೆ. ಮಣಿಕಟ್ಟಿನವರೆಗೆ. ಅದಕ್ಕಿಂತ ಒಳಗೆ ಹೋಗುವುದಿಲ್ಲ. ಮೊದಲು ಅದು ನನ್ನ ಭುಜದೆತ್ತರಕ್ಕಿತ್ತು. ದೀಪಾವಳಿಯ ಹೊತ್ತಿಗೆ ಮೊಣಕೈಗೆ ಇಳಿದಿತ್ತು. ಶಿವರಾತ್ರಿ ಕಳೆದ ಮೇಲೆ ನೋಡಿದರೆ ನೆಲದಿಂದ ಸೊಂಟದವರೆಗೂ ಇರಲಿಲ್ಲ. ಒಂದು ಮಗು ಮಂಡಿ ಮಡಚಿ ಕೂತಷ್ಟು.

ಎ.ಸಿ. ತಿನ್ನುತ್ತಿದೆ ಎಂದು ತೀರ್ಮಾನಿಸಿದೆ. ಮತ್ತೇನಿರಲು ಸಾಧ್ಯ? ಇಪ್ಪತ್ತನಾಲ್ಕಿದ್ದುದನ್ನು ಇಪ್ಪತ್ತಾರು ಮಾಡಿದೆ. ಇಪ್ಪತ್ತೆಂಟು ಮಾಡಿದೆ. ರಿಮೋಟನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿ, ಎದ್ದು, ಹಚ್ಚಿ, ಆರಿಸಿದೆ. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಕೋಣೆಯ ಬಾಗಿಲು ತೆಗೆದಿಟ್ಟರೆ ಇಡೀ ಮನೆಗೆ ತಂಪು ಕೊಡುತ್ತಿದ್ದುದು ಅದೊಂದೇ. ಬೇಸಿಗೆ ಶುರುವಾಗಿತ್ತು. ಬಂಡೆಗಳು ಹಗಲು ಕಾದು ಸಂಜೆ ಊರಿನ ಮೇಲೆ ಉಸಿರು ಬಿಡುತ್ತಿದ್ದವು. ಅತ್ತೆಯ ಬೆನ್ನ ತುಂಬ ಬೆವರುಗುಳ್ಳೆ ಎದ್ದಿತು. ಬೇವಿನೆಲೆ ಅರೆದು ಹಚ್ಚಿಕೊಂಡರು. ಎ.ಸಿ. ಹಾಕು ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಮನಸ್ಸು ಅರ್ಥವಾಗಿದೆ, ಅದಕ್ಕೇ ಸಹಿಸಿಕೊಂಡಿದ್ದಾರೆ ಎಂದುಕೊಂಡೆ.

ಕುಮುದಾಳ ಫೋನಿನ ಮಾರನೆಯ ದಿನ ಹಾಲೇಶನನ್ನು ಕರೆಸಿದೆ. ಊರಿನಲ್ಲಿ ಅರ್ಧ ಮನೆಗಳ ಫ್ಯಾನು ಅವನೇ ಹಾಕಿದ್ದು. ಏಣಿಯನ್ನು ಬಾಗಿಲಿಗೊರಗಿಸಿ, ಸೀಲಿಂಗನ್ನು ಬೆರಳಿನಿಂದ ತಟ್ಟಿ, ಭಾಷಣ ಶುರು ಮಾಡಿದ.

“ಎ.ಸಿ. ಒಂದೇ ಆದ್ರೆ ತಂಪು ಕೆಳಗೆ ಕೂತ್ಕಂಬಿಡುತ್ತೆ ಮೇಡಂ. ಕಾಲು ಐಸು, ತಲೆ ಬಿಸಿ. ಜೊತೆಗೊಂದು ಫ್ಯಾನ್ ಇತ್ತು ಅನ್ನಿ, ಕಲಸಿ ಕೊಡುತ್ತೆ. ಎ.ಸಿ. ಇಪ್ಪತ್ತೇಳಕ್ಕಿಡಿ, ಫ್ಯಾನ್ ಒಂದರಲ್ಲಿ ಬಿಡಿ, ಕಂಬಳಿ ಕೇಳ್ತೀರ. ಕರೆಂಟ್ ಬಿಲ್ಲೂ ಕಮ್ಮಿ. ಎರಡೂ ಇರೋ ಮನೇಲಿ ಗಂಡ ಹೆಂಡ್ತಿ ಜಗಳ ಇಲ್ಲ, ಬೇಕಾದ್ರೆ ವಿಚಾರಿಸಿ...” ಎಂದವನು ತಟ್ಟನೆ ನಿಲ್ಲಿಸಿ ಏಣಿಯನ್ನು ಸರಿಮಾಡಿದ.

“ಆ ಮೂಲೆ?” ಎಂದೆ.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಗ್ಗಿ ಚಾಚಿದ. ಬೇಗ ಹಿಂದಕ್ಕೆ ತೆಗೆದ. “ಅದೂ ಕಲಸಿ ಹೋಗುತ್ತೆ. ಸುಳ್ಳು ಹೇಳಲ್ಲ.”

“ಕಲಸಿದರೆ ಎಲ್ಲಿಗೆ ಹೋಗುತ್ತದೆ?”

“ಅದನ್ನ ನೀವೇ ಹೇಳ್ಬೇಕು ಮೇಡಂ, ಎಂ.ಎ. ಮಾಡಿರೋರು. ನಂದು ಎಸ್ಸೆಸ್ಸೆಲ್ಸಿ, ಅದೂ ಮೂರು ಸಲ.”

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಫ್ಯಾನ್ ಬೇಡ ಹಾಲೇಶ. ಏಣಿ ತಗಂಡೋಗು. ಮಗು ಹುಟ್ಟಿದ್ರೆ ತೊಟ್ಟಿಲು ಇಡೋದು ಅಲ್ಲೇ, ಬೀರು ಪಕ್ಕ.”

ಇದು ನನಗೆ ಹೊಸದು. ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಹಾಲೇಶ ಇಬ್ಬರನ್ನೂ ನೋಡಿ, “ಮನೇಲಿ ಮಾತಾಡ್ಕಳಿ. ನಾನೇನು ಊರು ಬಿಟ್ಟೋಗಲ್ಲ,” ಎಂದು ಏಣಿ ಹೊತ್ತುಕೊಂಡು ಹೋದ.

ಆ ವಾರ ಕುಮುದಾ ತಪಾಸಣೆಗೆಂದು ಊರಿಗೆ ಬಂದವಳು ಗಂಡನನ್ನು ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ನಿಲ್ಲಿಸಿ ಆಟೋ ಹತ್ತಿ ಮನೆಗೆ ಬಂದಳು. ಹೊಟ್ಟೆ ಅವಳಿಗಿಂತ ಮುಂದೆ ಬರುತ್ತಿತ್ತು. “ಅಣ್ಣ ಇದ್ದಾಗ ಈ ಮನೇಲಿ ಸ್ವೆಟರ್ ಹಾಕ್ಕೊಂಡು ಕೂರ್ತಿದ್ದೆ. ಈಗ ಕುಕ್ಕರೊಳಗೆ ಕೂತಂಗಾಗುತ್ತೆ. ರಿಮೋಟ್ ಎಲ್ಲಿ ಅತ್ತಿಗೆ?”

“ಹಾಕಬೇಡ,” ಎಂದೆ.

ಅವಳು ಕೋಣೆಯ ಹೊಸ್ತಿಲಿನವರೆಗೆ ಹೋಗಿ ನಿಂತಳು. ಒಂದು ಕೈ ಹೊಟ್ಟೆಯ ಮೇಲೆ.

“ಒಳಗೆ ಬಾರೇ. ನಿಮ್ಮಣ್ಣನೇ ಅಲ್ವಾ, ಹುಲಿ ಏನಲ್ಲ,” ಎಂದರು ಅತ್ತೆ.

“ಗೊತ್ತು ಕಣವ್ವ. ಅದಕ್ಕೇ ಹೇಳ್ತಿರೋದು, ಫ್ಯಾನ್ ಹಾಕ್ಸಿ ಅಂತ.”

“ಹುಟ್ಟಿದ ಮಗೀಗೆ ಸೋದರಮಾವನ ಕಾವು ಸಿಗೋದು ಪುಣ್ಯ.”

“ಪುಣ್ಯನಾ? ಮೇಲಿನ ಬೀದಿ ಮಲ್ಲಜ್ಜನ ಮೊಮ್ಮಗಳನ್ನ ನೋಡಿದೀಯಾ? ಅಜ್ಜನ ಕಾವಲ್ಲಿ ಮಲಗಿಸಿದ್ರು. ನಾಲ್ಕು ವರ್ಷಕ್ಕೆ ಕ್ಯಾಕರಿಸಿ ಉಗೀತಾಳೆ. ಚಾಕ್ಲೇಟ್ ಕೊಟ್ರೆ, ನಶ್ಯ ಇಲ್ವಾ ಅಂತಾಳೆ.”

“ನಿಮ್ಮಣ್ಣ ನಶ್ಯ ಹಾಕ್ತಿದ್ನಾ?”

ಕುಮುದಾ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ಅಣ್ಣ ಮೂವತ್ತೇಳಕ್ಕೆ ಹೋದ ಅವ್ವ,” ಎಂದಳು.

ಅತ್ತೆ ಅಡುಗೆಮನೆಗೆ ಹೋದರು. ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯುವ ಸದ್ದು ಕೇಳಿಸಿತು. ಕುಮುದಾ ನನ್ನ ಮುಂಗೈ ಹಿಡಿದುಕೊಂಡಳು. “ಅಣ್ಣ ಬೇಡ ಅಂತಲ್ಲ ಅತ್ತಿಗೆ. ನನಗೂ ಅವನೊಬ್ಬನೇ ಅಣ್ಣ. ಮಗು ತನ್ನ ಕಾವಲ್ಲೇ ಬೆಳೀಲಿ ಅಂತ ಅಷ್ಟೇ. ಫ್ಯಾನ್ ಹಾಕ್ಸಲಿಲ್ಲಾಂದ್ರೆ ನಾನು ಅತ್ತೆ ಮನೇಲೇ ಹೆರ್ತೀನಿ. ಅವ್ವ ಬಾಣಂತನಕ್ಕೆ ಅಂತ ಉದ್ದಿನ ಉಂಡೆಗೆಲ್ಲ ಹುರಿದಿಟ್ಟಿದ್ದಾಳೆ, ನಂಗೊತ್ತು. ಅವಳನ್ನ ನೀವೇ ಒಪ್ಪಿಸಿ.”

ನನ್ನನ್ನು ಯಾರು ಒಪ್ಪಿಸಬೇಕೆಂದು ಅವಳು ಹೇಳಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ನಾನು ಇನ್ನಷ್ಟು ಓಡಾಡಿದೆ. ಫ್ಯಾನು ಬೇಡವೆಂದರೆ ಕುಮುದಾ ಬರುವುದಿಲ್ಲ. ಅತ್ತೆ ಮಗಳ ಬಾಣಂತನವನ್ನೂ ಕಳೆದುಕೊಳ್ಳುತ್ತಾರೆ, ಅದಕ್ಕೆ ಕಾರಣ ನಾನಾಗುತ್ತೇನೆ. ಫ್ಯಾನು ಬೇಕೆಂದರೆ ಆ ಮೂಲೆ ಬರೀ ಮೂಲೆಯಾಗುತ್ತದೆ. ತೊಟ್ಟಿಲು ಇಟ್ಟರೆ ಒಂದು ಮಗು ಅದೆಲ್ಲವನ್ನೂ ಕುಡಿದು ಎದ್ದು ಹೋಗುತ್ತದೆ. ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಮಾರುತಗಳ ದಿಕ್ಕು ತೋರಿಸುತ್ತಿದ್ದವಳು ಮಧ್ಯದಲ್ಲಿ ಕೈ ಎತ್ತಿಕೊಂಡೇ ನಿಂತುಬಿಟ್ಟೆ. “ಮಿಸ್, ಆಮೇಲೆ ಎಲ್ಲಿಗೆ ಹೋಗುತ್ತೆ?” ಎಂದು ಯಾರೋ ಕೇಳಿದರು.

ಒಂದು ದಿನ ಕಾಲೇಜಿನಲ್ಲಿ ನೀರು ನಿಂತುಹೋಗಿ ಅರ್ಧ ದಿನಕ್ಕೇ ಬಿಟ್ಟರು. ಮಧ್ಯಾಹ್ನ ಮನೆಗೆ ಬಂದೆ. ಮುಂಬಾಗಿಲು ತೆಗೆದಿತ್ತು. ಅತ್ತೆ ಹಾಲಿನಲ್ಲಿರಲಿಲ್ಲ. ನನ್ನ ಕೋಣೆಯಿಂದ ಮಾತು ಕೇಳಿಸಿತು.

“...ಆ ಹಾಲೇಶ ದೊಡ್ಡ ತೂತು ಕೊರೀತಾನಂತೆ ನಿನ್ನ ಸೀಲಿಂಗಿಗೆ. ಬಿಳೀ ಪೇಪರ್ ಥರ ಮಾಡಿಸಿದ್ದೆ. ನಿನ್ನ ಹೆಂಡ್ತಿ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಅವಳಿಗೇನಾದ್ರೂ ಹೇಳೋ...”

ಬಾಗಿಲು ತಳ್ಳಿದೆ. ಬೀರುವಿಗೂ ಕಿಟಕಿಗೂ ನಡುವೆ ಅತ್ತೆ ನೆಲದ ಮೇಲೆ ಕೂತಿದ್ದರು, ಬೆನ್ನು ಗೋಡೆಗೆ, ಕಾಲು ಮಡಚಿ. ತೊಡೆಯ ಮೇಲೆ ಮೊರ, ಮೊರದಲ್ಲಿ ಹುಣಸೆಹಣ್ಣು. ಬೀಜ ಬಿಡಿಸುತ್ತಿದ್ದರು. ಒಲೆಯ ಮುಂದೆ ಬಹಳ ಹೊತ್ತು ಕೂತವರ ಹಾಗೆ ಮುಖ ಕೆಂಪಾಗಿತ್ತು. ಈಚೆಗೆ ಕಾಫಿ ಲೋಟ ಕೊಡುವಾಗ ಅವರ ಬೆರಳು ತಾಗಿ ಬೆಚ್ಚಗೆನಿಸಿದ್ದು ನೆನಪಾಯಿತು. ಕಾಫಿಯದೆಂದುಕೊಂಡಿದ್ದೆ.

“ಯಾವಾಗಿನಿಂದ?” ಎಂದೆ.

ಅವರು ಏಳಲಿಲ್ಲ. “ನೀನು ಮತ್ತೆ ಕಾಲೇಜಿಗೆ ಹೋಗೋಕೆ ಶುರು ಮಾಡಿದಾಗಿಂದ.”

“ನಾನು ಎ.ಸಿ. ಅಂದುಕೊಂಡೆ ಅತ್ತೆ. ಎ.ಸಿ. ಆರಿಸಿ ಇಬ್ಬರೂ ಬೇಯ್ತಿದೀವಿ. ನೀವು ಬೆನ್ನಿಗೆ ಬೇವು ಹಚ್ಕೊಂಡು ಸುಮ್ಮನಿದ್ರಿ. ಒಂದು ಮಾತು ಹೇಳಲಿಲ್ಲ.”

“ಹೇಳಿದ್ರೆ ನೀನು ಈ ಬಾಗಿಲಿಗೆ ಬೀಗ ಹಾಕ್ತಿದ್ದೆ.”

ನಿಜ, ಹಾಕುತ್ತಿದ್ದೆ.

“ಕೂತು ಕೂತು ಮುಗಿಸಿದ್ರಿ!” ನನ್ನ ಗಂಟಲಿನಿಂದ ಇಷ್ಟು ದೊಡ್ಡ ಧ್ವನಿ ಬಂದು ಬಹಳ ಕಾಲವಾಗಿತ್ತು. ನನಗೇ ಪರಿಚಯವಾಗಲಿಲ್ಲ. “ಉಳಿದಿರೋದೇ ಇಷ್ಟು. ನೋಡಿ, ಇಷ್ಟು.”

“ಹೂಂ, ಮುಗಿಸ್ದೆ.” ಅವರ ಧ್ವನಿಯೂ ಏರಿತು. “ಒಂಬತ್ತು ತಿಂಗಳು ನನ್ನ ಕಾವಲ್ಲಿ ಇಟ್ಕಂಡಿದ್ದೆ ಅವನ್ನ. ಅದ್ರಲ್ಲಿ ಒಂಚೂರು ನಾನು ಇಸ್ಕಂಡ್ರೆ ತಪ್ಪಾ? ನೀನು? ಒಂದು ದಿನ ಆದ್ರೂ ಬಂದು ಕೂತ್ಯಾ? ಬೆಳಿಗ್ಗೆ ಸಂಜೆ ಬೆರಳು ಅದ್ದಿ ಅದ್ದಿ ನೋಡೋಕೆ ಅದೇನು ಒಲೆ ಮೇಲಿನ ಹಾಲಾ?”

ಬ್ಯಾಗು ಹೆಗಲಲ್ಲೇ ಇತ್ತು. ಕಿಟಕಿಯ ಹತ್ತಿರ ಹೋದೆ, ಮಂಚದ ಆ ಕಡೆ ಹೋದೆ, ಮತ್ತೆ ಬಾಗಿಲಿಗೆ ಬಂದೆ. ಅತ್ತೆ ಒಂದು ಬೀಜ ಬಿಡಿಸಿ ಬಟ್ಟಲಿಗೆ ಹಾಕಿದರು. ಬಟ್ಟಲು ಠಣ್ ಎಂದಿತು.

“ಮಗೂನ ಇಲ್ಲಿ ಮಲಗಿಸ್ಬೇಕು ಅಂದಿದ್ದು ಯಾಕೆ ಅಂದ್ಕಂಡೆ?” ಈಗ ಅವರು ಮೆಲ್ಲಗೆ ಮಾತಾಡುತ್ತಿದ್ದರು. “ಪುಣ್ಯ ಗಿಣ್ಯ ಎಲ್ಲ ಬಾಯಿಮಾತು. ಇದನ್ನೂ ನಾನೇ ಮುಗಿಸಿಬಿಡ್ತೀನಿ ಅಂತ ಭಯ ಕಣವ್ವ. ಇವತ್ತು ಬೇಡ ಅಂದ್ಕಂತೀನಿ. ಉಂಡು ಕೈ ತೊಳೆದ್ರೆ ಕಾಲು ತಾನಾಗೇ ಈ ಕಡೆ ಬರುತ್ತೆ. ಮಗೀಗೆ ಅಂತ ಎತ್ತಿಟ್ರೆ ನಾನು ಮುಟ್ಟಲ್ಲ.”

ನಾನು ಬ್ಯಾಗು ಇಳಿಸಿ ಅವರೆದುರು ನೆಲದ ಮೇಲೆ ಕೂತೆ, ಕಾವಿನ ಆಚೆ. ಮೊರಕ್ಕೆ ಕೈ ಹಾಕಿ ಒಂದು ಹಣ್ಣು ತೆಗೆದುಕೊಂಡೆ. ಇಬ್ಬರೂ ಬೀಜ ಬಿಡಿಸಿದೆವು. ಹುಣಸೆಯ ನಾರು ಉಗುರಿನೊಳಗೆ ಸೇರಿಕೊಂಡಿತು. ಬೀಗ ಹಾಕಿದರೆ ಉಳಿಯುತ್ತದೆ ಎಂದು ಯೋಚಿಸಿದೆ. ಅತ್ತೆ ಬಾಗಿಲ ಹೊರಗೆ ಕೂರುತ್ತಾರೆ. ನಾನು ಒಳಗೆ ಮಣಿಕಟ್ಟಿನವರೆಗೆ ಕೈ ಚಾಚಿಕೊಂಡಿರುತ್ತೇನೆ. ಮುಂದಿನ ವರ್ಷವೂ. ಅದರ ಮುಂದಿನ ವರ್ಷವೂ.

ಮೊರ ಖಾಲಿಯಾದಾಗ, “ಹಾಲೇಶನಿಗೆ ಫೋನ್ ಮಾಡ್ತೀನಿ,” ಎಂದೆ.

“ಬೀದಿಗೆ ಬಿಡ್ತೀಯಾ ಅವನ್ನ?”

“ಬೀದಿಗಲ್ಲ. ಬಾಗಿಲು ಹಾಕಿಕೊಂಡು ತಿರುಗಿಸೋಣ. ಒಳಗೇ ಇದ್ದುಕೊಂಡು. ಯಾರಿಗೆ ಎಷ್ಟು ಬರುತ್ತೋ ಅಷ್ಟು.”

“ಹಂಗೆ ಯಾರೂ ಮಾಡಿಲ್ಲ.”

“ನಿಮ್ಮ ಮಗನ ಹಾಗೆ ಫ್ಯಾನಿಗೆ ಕೊಂಡಿ ಬಿಡದೆ ಯಾರೂ ಮನೆ ಕಟ್ಟಿಲ್ಲ ಅತ್ತೆ.”

ಅವರು ಹುಣಸೆ ಅಂಟಿದ ಕೈಯನ್ನು ನೋಡಿಕೊಂಡರು. “ಕುಮುದಾಗೂ ಹೇಳು,” ಎಂದರು. “ಬರೋದು ಬಿಡೋದು ಅವಳಿಷ್ಟ.”

ಹಾಲೇಶ ಬಂದ ದಿನ ಕುಮುದಾ ಸೂಟ್‌ಕೇಸ್ ಸಮೇತ ಬಂದಿಳಿದಳು. ಮಂಚಕ್ಕೆ ಹಳೆಯ ಸೀರೆಗಳನ್ನು ಹೊದಿಸಿದೆವು. ಸೀಲಿಂಗು ಕೊರೆಯುವಾಗ ಹಿಟ್ಟಿನಂಥ ಧೂಳು ಉದುರಿ ಹಾಲೇಶನ ಹುಬ್ಬು ಬೆಳ್ಳಗಾಯಿತು. ತಾರಸಿಗೆ ಡ್ರಿಲ್ ಹಾಕುವಾಗ ಅತ್ತೆ ಕಿವಿ ಮುಚ್ಚಿಕೊಂಡರು, ಆದರೆ ಅಲ್ಲಿಂದ ಕದಲಲಿಲ್ಲ.

“ಅಲ್ಲಾಡುತ್ತೇನೋ ನೋಡೋ.”

“ಆನೆ ನೇತಾಕ್ಬೋದು ಅಮ್ಮ.”

“ಆನೆ ನಿಮ್ಮನೇಲಿ ನೇತಾಕ್ಕ. ಕೆಳಗೆ ಬಾಣಂತಿ ಮಲಗ್ತಾಳೆ ಇಲ್ಲಿ.”

“ಒಂದೇ ಒಂದು ಫ್ಯಾನು ಇವತ್ತಿನವರೆಗೂ ಬಿದ್ದಿಲ್ಲ ಅಮ್ಮ, ನಾನೇ ಎರಡು ಸಲ ಬಿದ್ದಿದೀನಿ,” ಎಂದು ಅವನು ಏಣಿಯಿಂದಿಳಿದ. ತಿಳಿ ಬಣ್ಣದ ಫ್ಯಾನು. ಮೂರು ರೆಕ್ಕೆ. ಅವನು ಸ್ವಿಚ್ ಹಾಕಿ ನೋಡಲಿಲ್ಲ. ಅಷ್ಟು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. “ಬಾಗಿಲು ಕಿಟಕಿ ತೆಗೆದಿಡ್ಲಾ ಮೇಡಂ?” ಎಂದ.

“ಕಿಟಕಿ ಹಾಕಿದೆ. ಹೋಗುವಾಗ ಮುಂಬಾಗಿಲು ಮುಚ್ಚಿಕೊಂಡು ಹೋಗಿ.”

ಅವನು ಮುಚ್ಚಿದ ಕಿಟಕಿಯನ್ನೊಮ್ಮೆ ನೋಡಿದ. ಮುಂಬಾಗಿಲು ಎಳೆದುಕೊಂಡು ಹೋದ.

ಕುಮುದಾ ಹೊಸ್ತಿಲಲ್ಲೇ ನಿಂತಿದ್ದಳು. “ನೀನು ಬರಲೇಬೇಕು ಅಂತಿಲ್ಲ,” ಎಂದೆ. “ಹಾಲಲ್ಲಿರು. ಎಲ್ಲ ಆದ ಮೇಲೆ ಬಾ.”

“ಕಲಸಿದ್ರೆ ಮಗೂಗೆ ಏನೂ ಆಗಲ್ವಾ?”

“ಗೊತ್ತಿಲ್ಲ. ಯಾರೂ ಮಾಡಿ ನೋಡಿಲ್ಲ.”

ಅವಳು ಹೊಟ್ಟೆಯನ್ನು ನೋಡಿಕೊಂಡಳು, ಅಮ್ಮನನ್ನು ನೋಡಿದಳು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. ಆಮೇಲೆ ಒಳಗೆ ಬಂದು ತಾನೇ ಬಾಗಿಲು ಮುಚ್ಚಿ, ಮಂಚದ ಅಂಚಿನಲ್ಲಿ ಕೂತಳು. “ಒಂದು ಚೂರು ಬರಲಿ ಬಿಡಿ. ಅಣ್ಣನ ಸಿಟ್ಟು ಮಾತ್ರ ಬೇಡ.”

“ಸಿಟ್ಟು ನಂಗಿರ್ಲಿ. ಅದು ನಾನೇ ಕೊಟ್ಟಿದ್ದು,” ಎಂದರು ಅತ್ತೆ.

ನಾನು ರೆಗ್ಯುಲೇಟರಿನ ಮೇಲೆ ಕೈ ಇಟ್ಟೆ. ಅತ್ತೆ ತಡೆದರು. “ತಾಳು. ಮೊದ್ಲು ನೀನು ಒಂದ್ಸಲ ಹೋಗಿ ಕೂತ್ಕ. ನಾವು ಆ ಕಡೆ ತಿರಿಕ್ಕಂತೀವಿ.”

ಬೇಡ ಎಂದೆ. ಅಷ್ಟರಲ್ಲಿ ಅವರು ಕುಮುದಾಳ ಹೆಗಲು ಹಿಡಿದು ತಿರುಗಿಸಿದ್ದರು. ತಾಯಿ ಮಗಳು ಇಬ್ಬರೂ ನನಗೆ ಬೆನ್ನು ಹಾಕಿ ಬಿಳಿಯ ಗೋಡೆ ನೋಡುತ್ತ ಕೂತರು, ಶಾಲೆಯಲ್ಲಿ ಶಿಕ್ಷೆ ಸಿಕ್ಕಿದವರ ಹಾಗೆ.

ನಾನು ಬೀರುವಿನ ಪಕ್ಕಕ್ಕೆ ಹೋದೆ. ನಿಂತರೆ ಅದು ಮಂಡಿಯವರೆಗೂ ಬರಲಿಲ್ಲ. ಕೂರಬೇಕಾಯಿತು. ಕಾಲು ಮಡಚಿ, ಭುಜ ಕುಗ್ಗಿಸಿ, ತಲೆ ತಗ್ಗಿಸಿದಾಗ ಅದು ನನ್ನ ಕತ್ತಿನವರೆಗೆ ಬಂತು. ಇಷ್ಟು ದಿನ ನಾನು ಹೆದರಿದ್ದು ಬೇರೆಯದಕ್ಕೆ. ಒಳಗೆ ಹೋದರೆ ಅವನು ಪಕ್ಕದಲ್ಲಿದ್ದಾನೆ ಅನಿಸಬಹುದು, ಆಮೇಲೆ ಎದ್ದು ಬರಲಾಗದಿರಬಹುದು ಎಂದುಕೊಂಡಿದ್ದೆ. ಹಾಗೆ ಅನಿಸಲಿಲ್ಲ. ಅವನು ಈಗತಾನೇ ಎದ್ದು ಹೋದ ಹಾಗೆ ಅನಿಸಿತು. ಬಸ್ಸಿನಲ್ಲಿ ಒಬ್ಬರು ಇಳಿದ ಸೀಟಿನಲ್ಲಿ ಕೂತಾಗ ಅನಿಸುವಂತೆ, ಅಷ್ಟು ಸ್ಪಷ್ಟವಾಗಿ. ಅವನು ಹೋದದ್ದು ನನಗೆ ಅಲ್ಲಿ ಕೂತಾಗ ಗೊತ್ತಾಯಿತು.

ಎಷ್ಟು ಹೊತ್ತು ಕೂತಿದ್ದೆನೋ. ಓಡಾಡಬೇಕೆನಿಸಲಿಲ್ಲ. ಕುಮುದಾ ಗೋಡೆಯ ಕಡೆ ಮುಖ ಮಾಡಿಕೊಂಡೇ, “ಅತ್ತಿಗೆ, ನನ್ನ ಸೊಂಟ ನೋಯ್ತಿದೆ. ನೀವೇನೂ ಆತುರ ಮಾಡ್ಬೇಡಿ, ಸುಮ್ನೆ ಹೇಳ್ದೆ,” ಎಂದಳು. ಅತ್ತೆ ಅವಳ ತೊಡೆಗೆ ಹೊಡೆದರು.

ಎದ್ದು ಬಂದು ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದೆ. ರೆಕ್ಕೆಗಳು ಯೋಚನೆ ಮಾಡುವ ಹಾಗೆ ನಿಧಾನವಾಗಿ ಹೊರಟವು. ಮೊದಲ ಸುತ್ತಿಗೆ ಏನೂ ಆಗಲಿಲ್ಲ. ಆಮೇಲೆ ಮೂಲೆಯಿಂದ ಬಿಸಿಯ ಒಂದು ಎಳೆ ಎದ್ದು ಮಂಚದ ಕಡೆ ಬಂತು. ಅದು ತಾಗಿದಾಗ ಕುಮುದಾ ‘ಹಾ’ ಎಂದು ಹೊಟ್ಟೆ ಹಿಡಿದುಕೊಂಡಳು, ಆದರೆ ಏಳಲಿಲ್ಲ. ಅತ್ತೆ ಕಣ್ಣು ಮುಚ್ಚಿ, ಗದ್ದ ಎತ್ತಿ, ಬಿಸಿಲಿಗೆ ಕೂತವರಂತೆ ಕೂತಿದ್ದರು. ಅದು ನನ್ನ ಮುಖದ ಮೇಲೆ ಹಾದುಹೋಯಿತು. ಮತ್ತೆ ಬಂತು, ಮೊದಲಿಗಿಂತ ತೆಳುವಾಗಿ. ಮತ್ತೆ ಬಂತು. ಆಮೇಲೆ ಯಾವುದು ಅದು, ಯಾವುದು ಮಧ್ಯಾಹ್ನದ ಸೆಕೆ ಎಂದು ಬಿಡಿಸಿ ಹೇಳಲಾಗದಂತಾಯಿತು. ನಾನು ಕೈ ಚಾಚಿ ನೋಡಲಿಲ್ಲ.

ಮೂವರ ಹಣೆಯ ಮೇಲೂ ಬೆವರಿತ್ತು. ಹೊರಗೆ ಗೌರಕ್ಕನ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟುಕೊಳ್ಳುತ್ತಿದ್ದರು. ಕುಮುದಾ ದಿಂಬಿನ ಕೆಳಗೆ ಕೈ ಹಾಕಿ ರಿಮೋಟು ತೆಗೆದಳು.

“ಈಗ ಎ.ಸಿ. ಹಾಕ್ಬೋದಲ್ವಾ ಅತ್ತಿಗೆ? ಹಾಕ್ಲಾ?”

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು.

ನಾನು ಅವರಿಬ್ಬರ ನಡುವೆ ಮಂಚದ ಮೇಲೆ ಕೂತೆ. “ಹಾಕೋಣ,” ಎಂದೆ. “ಸ್ವಲ್ಪ ಹೊತ್ತು ಸೆಕೆ ಇರಲಿ.”

ಅವಳು ರಿಮೋಟನ್ನು ಪಕ್ಕಕ್ಕಿಟ್ಟು ದುಪ್ಪಟ್ಟಾದಿಂದ ಕತ್ತು ಒರೆಸಿಕೊಂಡಳು. ಯಾರೂ ಬಾಗಿಲು ತೆಗೆಯಲು ಏಳಲಿಲ್ಲ.